ಕ್ರೂಗರ್‌ನಲ್ಲಿ ಸಿಂಹ ಹುಡುಕುವ ಮುಂಚೆ ಮಣ್ಣು ನೋಡಿ

ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿರುವ ಗೆಳೆಯರ ಗುಂಪಿನ ಮುಂದೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗಲೇ ಮೂರ್ನಾಲ್ಕು ಜನ ಕೇಳಿದಿರಿ, "ಸಿಂಹ ಎಲ್ಲಿ ಜಾಸ್ತಿ ಸಿಗುತ್ತೆ?" ಅಂತ. ಉತ್ತರ ಇದೆ, ಕೊಡುತ್ತೇನೆ. ಆದರೆ ಅದು ಅರ್ಥವಾಗಬೇಕಾದರೆ ಕಲ್ಲಿನಿಂದ ಶುರು ಮಾಡಬೇಕು. ಕಲ್ಲು ಹೇಗೋ ಮಣ್ಣು ಹಾಗೆ. ಮಣ್ಣು ಹೇಗೋ ಹುಲ್ಲು ಹಾಗೆ. ಒಳ್ಳೆ ಹುಲ್ಲಿದ್ದ ಕಡೆ ಝೀಬ್ರಾ, ಝೀಬ್ರಾ ಇದ್ದ ಕಡೆ ಸಿಂಹ. ಇದಿಷ್ಟು ತಲೆಯಲ್ಲಿದ್ದರೆ ಇಡೀ ಕ್ರೂಗರ್ ಬೇರೆ ಥರ ಕಾಣಲು ಶುರುವಾಗುತ್ತದೆ. ಕಾರಿನ ಕಿಟಕಿಯಿಂದ ಸುಮ್ನೆ ಪೊದೆ ಪೊದೆ ನೋಡಿ ಕಣ್ಣು ನೋಯಿಸಿಕೊಳ್ಳುವ ಕೆಲಸ ತಪ್ಪುತ್ತದೆ.

ಮೊದಲು ಜಾಗದ ಅಳತೆ. ದಕ್ಷಿಣ ಆಫ್ರಿಕಾದ ಈಶಾನ್ಯ ಮೂಲೆ. ಪೂರ್ವಕ್ಕೆ ಮೊಜಾಂಬಿಕ್, ಉತ್ತರಕ್ಕೆ ಲಿಂಪೊಪೊ ನದಿ, ಅದರಾಚೆ ಜಿಂಬಾಬ್ವೆ. ವಿಸ್ತೀರ್ಣ ಸುಮಾರು 19,500 ಚದರ ಕಿಲೋಮೀಟರ್. ಕರ್ನಾಟಕದ ಹತ್ತನೇ ಒಂದು ಭಾಗ ಅಂದುಕೊಳ್ಳಿ. ಬಂಡೀಪುರದಂಥ ಕಾಡು ಇಪ್ಪತ್ತಕ್ಕೂ ಹೆಚ್ಚು ಹಿಡಿಸುತ್ತವೆ. ಆಕಾರ ಮಾತ್ರ ಉದ್ದಕ್ಕೆ, ಸಪೂರ. ದಕ್ಷಿಣದಿಂದ ಉತ್ತರಕ್ಕೆ ಸುಮಾರು 360 ಕಿಲೋಮೀಟರ್, ಅಗಲ ಸುಮಾರು 65. ಹಾಗಾಗಿ ಯಾರಾದರೂ ಕ್ರೂಗರ್ ನೋಡಿ ಬಂದೆ ಅಂದರೆ ಯಾವ ಭಾಗ ಅಂತ ಕೇಳಬೇಕು. ದಕ್ಷಿಣದ ತುದಿಗೂ ಉತ್ತರದ ತುದಿಗೂ ಮಳೆ ಬೇರೆ, ಮರ ಬೇರೆ, ಪ್ರಾಣಿ ಬೇರೆ. ಸಸ್ತನಿಗಳೇ 147 ಬಗೆ, ಹಕ್ಕಿಗಳು 500ಕ್ಕೂ ಮೇಲೆ, ಮರಗಳು 336 ಬಗೆ ಎಂದು ಪಟ್ಟಿ ಹೇಳುತ್ತದೆ. ಪಟ್ಟಿಗಿಂತ ಯಾವುದು ಎಲ್ಲಿದೆ, ಯಾಕೆ ಅಲ್ಲೇ ಇದೆ ಅನ್ನುವುದು ನನಗೆ ಮುಖ್ಯ.

ಈಗ ಕಲ್ಲು. ಕ್ರೂಗರ್‌ನ ನಕ್ಷೆ ತೆಗೆದುಕೊಂಡು ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆಯಿರಿ. ಗೆರೆಯ ಪಶ್ಚಿಮಕ್ಕೆ ಬಹುಪಾಲು ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆ ಪಟ್ಟೆಯ ಕಲ್ಲು. ಇದು 300 ಕೋಟಿ ವರ್ಷಕ್ಕೂ ಹಳೆಯ ಕಲ್ಲು. ಪೂರ್ವಕ್ಕೆ ಬಸಾಲ್ಟ್. ಸುಮಾರು 18 ಕೋಟಿ ವರ್ಷದ ಹಿಂದೆ ಗೊಂಡ್ವಾನಾ ಖಂಡ ಒಡೆಯಲು ಶುರುವಾದಾಗ ಉಕ್ಕಿದ ಲಾವಾ ಅದು. ಆಗ ನಮ್ಮ ಭಾರತವೂ ಆಫ್ರಿಕಾದ ಜೊತೆ ಅದೇ ಖಂಡದಲ್ಲಿ ಸೇರಿಕೊಂಡಿತ್ತು. ಎರಡರ ನಡುವೆ ಶೇಲ್ ಕಲ್ಲಿನ ತೆಳು ಪಟ್ಟಿ ಇದೆ. ಪೂರ್ವದ ಗಡಿಯಲ್ಲಿ ಲೆಬೊಂಬೊ ಬೆಟ್ಟಸಾಲು, ಅದು ರಯೊಲೈಟ್ ಎಂಬ ಗಟ್ಟಿ ಕಲ್ಲು.

ಇದು ನಮಗೆ ಹೊಸದಲ್ಲ. ಕೋಲಾರ, ತುಮಕೂರಿನ ಕಡೆ ಗ್ರಾನೈಟ್ ಜಾತಿಯ ಹಳೆ ಕಲ್ಲಿನ ಮೇಲೆ ಕೆಂಪು ಮಣ್ಣು, ವಿಜಯಪುರ, ಕಲಬುರಗಿ ಕಡೆ ಬಸಾಲ್ಟಿನ ಮೇಲೆ ಎರೆ ಮಣ್ಣು. ಕೆಂಪು ಮಣ್ಣಿನಲ್ಲಿ ನೀರು ಬೇಗ ಇಳಿದು ಹೋಗುತ್ತದೆ. ಎರೆ ಹೊಲ ನೀರು ಹಿಡಿದಿಟ್ಟುಕೊಳ್ಳುತ್ತದೆ, ಬಿರಿಯುತ್ತದೆ, ಜೋಳ ಬೆಳೆಯುತ್ತದೆ. ನಮ್ಮಲ್ಲಿ ರೈತ ಯಾವ ಮಣ್ಣಿಗೆ ಯಾವ ಬೆಳೆ ಅಂತ ಲೆಕ್ಕ ಹಾಕುತ್ತಾನಲ್ಲ, ಕ್ರೂಗರ್‌ನಲ್ಲಿ ಅದೇ ಲೆಕ್ಕವನ್ನು ಝೀಬ್ರಾ, ಇಂಪಾಲಾ ಎಂಬ ಜಿಂಕೆ, ಆಫ್ರಿಕಾದ ಕಾಡೆಮ್ಮೆ ಹಾಕುತ್ತವೆ.

ಗ್ರಾನೈಟ್ ಭಾಗದ ಒಂದು ದಿಬ್ಬ ತೆಗೆದುಕೊಳ್ಳೋಣ. ಸ್ಕುಕುಜಾ ಎಂಬ ಪ್ರವಾಸಿ ವಸತಿ ಕ್ಯಾಂಪಿನ ಸುತ್ತಮುತ್ತ ಇಂಥ ದಿಬ್ಬಗಳು ಏರಿಳಿಯುತ್ತಲೇ ಇರುತ್ತವೆ, ರಸ್ತೆಯೂ ಅವುಗಳ ಜೊತೆ ಏರಿಳಿಯುತ್ತದೆ. ದಿಬ್ಬದ ನೆತ್ತಿಯಲ್ಲಿ ದಪ್ಪ ಮರಳು. ಮಳೆ ಬಿದ್ದರೆ ಸಾರವೆಲ್ಲ ತೊಳೆದುಕೊಂಡು ಕೆಳಗೆ ಹೋಗುತ್ತದೆ. ಅಲ್ಲಿ ಅಗಲ ಎಲೆಯ ಮರಗಳು, ಕೆಳಗೆ ಉದ್ದನೆಯ ಒರಟು ಹುಲ್ಲು. ಇಳಿಜಾರಿನಲ್ಲಿ ಸ್ವಲ್ಪ ಕೆಳಗೆ ಬಂದರೆ ಬೆಳ್ಳಿ ಬಣ್ಣದ ಎಲೆಯ ಮರಗಳ ಒಂದು ಸಾಲು ಕಾಣುತ್ತದೆ, ಯಾರೋ ನೆಟ್ಟ ಹಾಗೆ. ಯಾರೂ ನೆಟ್ಟಿದ್ದಲ್ಲ. ಮೇಲಿನಿಂದ ಮರಳಿನೊಳಗೆ ಇಳಿದು ಬಂದ ನೀರಿಗೆ ಕೆಳಗಿನ ಜೇಡಿಮಣ್ಣು ಅಡ್ಡ ಬರುತ್ತದೆ. ಮುಂದೆ ಹೋಗಲು ಆಗದೆ ನೀರು ಅಲ್ಲೇ ಮೇಲೆ ಜಿನುಗುತ್ತದೆ. ಆ ಜಿನುಗಿನ ಗೆರೆ ಹಿಡಿದೇ ಟರ್ಮಿನೇಲಿಯಾ ಜಾತಿಯ ಈ ಮರ ಸಾಲಾಗಿ ಬೆಳೆಯುತ್ತದೆ. ನಮ್ಮ ಮತ್ತಿ, ತಾರೆ ಮರಗಳ ಬಂಧು ಇದು.

ಆ ಸಾಲು ದಾಟಿ ಕೆಳಗೆ ಇಳಿಯಿರಿ. ಈಗ ನೆಲ ಪೂರ್ತಿ ಬೇರೆ. ಜೇಡಿ, ಅದರಲ್ಲಿ ಮೇಲಿನಿಂದ ತೊಳೆದು ಬಂದ ಸಾರ, ಜೊತೆಗೆ ಸೋಡಿಯಂ. ಮುಳ್ಳು ಮರಗಳು. ಅಲ್ಲಲ್ಲಿ ಚೌಳು ನೆಲ, ಹೆಚ್ಚು ಕಡಿಮೆ ಬೋಳು, ನೋಡಿದರೆ ಏನೂ ಇಲ್ಲದ ಹಾಳು ಜಾಗ ಅನ್ನಿಸುತ್ತದೆ. ಆದರೆ ನಿಂತು ನೋಡಿ. ಅಲ್ಲಿ ನೆಲಕ್ಕಂಟಿಕೊಂಡು ಬೆಳೆದ ಗಿಡ್ಡ ಹುಲ್ಲು ಉಪ್ಪು ಮತ್ತು ಸಾರ ತುಂಬಿಕೊಂಡ ಹುಲ್ಲು. ಇಂಪಾಲಾ ಹಿಂಡುಗಳು ಅಲ್ಲೇ ಬೀಡು ಬಿಡುತ್ತವೆ. ಇನ್ನೊಂದು ಲಾಭ, ಬೋಳು ಜಾಗದಲ್ಲಿ ಚಿರತೆ ಕದ್ದು ಬರಲು ಮರೆ ಇಲ್ಲ. ಪ್ರಾಣಿಗಳು ಮೇದು, ಮಲಗಿ, ಗೊಬ್ಬರ ಹಾಕಿ ಆ ಜಾಗವನ್ನು ಇನ್ನಷ್ಟು ಫಲವತ್ತು ಮಾಡುತ್ತವೆ. ಇಷ್ಟೆಲ್ಲ ಆಗುವುದು ಕೆಲವೇ ನೂರು ಮೀಟರ್ ಉದ್ದದ ಒಂದು ಇಳಿಜಾರಿನಲ್ಲಿ. ನೆತ್ತಿಯಲ್ಲಿ ಹಸಿರು ಜಾಸ್ತಿ, ಪ್ರಾಣಿ ಕಡಿಮೆ. ಬುಡದಲ್ಲಿ ಹಸಿರು ಕಡಿಮೆ, ಪ್ರಾಣಿ ಜಾಸ್ತಿ.

ಇದೇ ಲೆಕ್ಕ ದೊಡ್ಡ ಪ್ರಮಾಣದಲ್ಲೂ ನಡೆಯುತ್ತದೆ. ನೈಋತ್ಯ ಮೂಲೆಯ ಪ್ರಿಟೋರಿಯಸ್‌ಕಾಪ್ ಕ್ಯಾಂಪಿನ ಸುತ್ತ ಉದ್ಯಾನದಲ್ಲೇ ಹೆಚ್ಚು ಮಳೆ, ವರ್ಷಕ್ಕೆ 700 ಮಿಲಿಮೀಟರಿಗೂ ಮೇಲೆ. ದೊಡ್ಡ ದೊಡ್ಡ ಗ್ರಾನೈಟ್ ಗುಡ್ಡಗಳು, ಆಳೆತ್ತರದ ಹುಲ್ಲು. ತುಂಬಾ ಚೆಂದದ ಜಾಗ. ಆದರೆ ಅಲ್ಲಿ ದೊಡ್ಡ ಹಿಂಡು ಹುಡುಕಿದರೆ ನಿರಾಸೆಯಾಗುತ್ತದೆ. ಮಳೆ ಜಾಸ್ತಿಯಾದಷ್ಟೂ ಗ್ರಾನೈಟ್ ಮಣ್ಣಿನ ಸಾರ ತೊಳೆದು ಹೋಗುತ್ತದೆ. ಆ ಹುಲ್ಲು ಬಲಿತ ಮೇಲೆ ತನ್ನ ಸಾರವನ್ನು ಬೇರಿಗೆ ಇಳಿಸಿಕೊಳ್ಳುತ್ತದೆ, ಮೇಲೆ ಉಳಿಯುವುದು ನಾರು. ಅಲ್ಲಿನ ದನಗಾಹಿಗಳು ಇದನ್ನು ಹುಳಿ ಹುಲ್ಲು ಅನ್ನುತ್ತಾರೆ. ಬಸಾಲ್ಟ್ ಬಯಲಿನ ಹುಲ್ಲು ಸಿಹಿ ಹುಲ್ಲು, ಒಣಗಿ ನಿಂತರೂ ಅದರಲ್ಲಿ ಪ್ರಾಣಿಯ ಹೊಟ್ಟೆಗೆ ಬೇಕಾದ್ದು ಇರುತ್ತದೆ. ಹೆಚ್ಚು ಮಳೆ ಅಂದರೆ ಹೆಚ್ಚು ಪ್ರಾಣಿ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಇಲ್ಲಿ ಅದು ತಿರುಗುಮುರುಗು.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ಸತಾರಾ ಕ್ಯಾಂಪ್. ಉದ್ಯಾನದ ನಡುಭಾಗ, ಬಸಾಲ್ಟ್ ಬಯಲು. ನಾಬ್‌ಥಾರ್ನ್ ಎಂಬ ಮುಳ್ಳಿನ ಮರ, ಮರೂಲಾ ಮರ ಅಲ್ಲೊಂದು ಇಲ್ಲೊಂದು, ಮಿಕ್ಕಿದ್ದೆಲ್ಲ ಹುಲ್ಲು. ಝೀಬ್ರಾ, ವೈಲ್ಡ್‌ಬೀಸ್ಟ್ ಎಂಬ ದನದಂಥ ಜಿಂಕೆ, ಕಾಡೆಮ್ಮೆ, ಜಿರಾಫೆ. ಹಾಗಾಗಿ ಸಿಂಹ. ಬಯಲು ಇರುವುದರಿಂದ ಚೀತಾ ಕೂಡ. ಸತಾರಾದಿಂದ ಪೂರ್ವಕ್ಕೆ ಹೊರಡುವ ಎಸ್-100 ಎಂಬ ಮಣ್ಣು ರಸ್ತೆ ಒಂದು ಹೊಳೆಯ ಪಕ್ಕದಲ್ಲೇ ಸಾಗುತ್ತದೆ. ಬೆಳಗ್ಗೆ ಗೇಟು ತೆಗೆದ ಕೂಡಲೇ ಆ ರಸ್ತೆಗೆ ಹೋಗಿ, ನಿಧಾನ ಹೋಗಿ. ಸಿಂಹ ಸಿಗುತ್ತದೆ ಅಂತ ಯಾರೂ ಬರೆದುಕೊಡಲಾಗದು. ಆದರೆ ಸಿಗುವ ಸಾಧ್ಯತೆ ಜಾಸ್ತಿ ಇರುವ ಜಾಗ ಅದು.

ಸತಾರಾದಿಂದ ಉತ್ತರಕ್ಕೆ ಓಲಿಫಾಂಟ್ಸ್ ನದಿ ದಾಟಿದರೆ ಮೊಪಾನೆ. ಮೈಲಿಗಟ್ಟಲೆ ಅದೇ ಮರ. ಕೆಲವು ಕಡೆ ಮರವಾಗಿ, ಬಸಾಲ್ಟಿನ ಮೇಲೆ ಎದೆಯೆತ್ತರದ ಪೊದೆಯಾಗಿ. ತುಂಬಾ ಜನ ಇಲ್ಲಿಗೆ ಬಂದು ಬೇಜಾರಾಗಿ ದಕ್ಷಿಣಕ್ಕೆ ತಿರುಗುತ್ತಾರೆ. ನನಗೆ ಮಾತ್ರ ಉತ್ತರವೇ ಇಷ್ಟ. ಮೊಪಾನೆ ಎಲೆ ಹತ್ತಿರದಿಂದ ನೋಡಿ: ನಮ್ಮ ಮಂದಾರದ ಎಲೆಯ ಹಾಗೆ ಎರಡು ಹೋಳು, ಆದರೆ ಇಲ್ಲಿ ಪೂರ್ತಿ ಬೇರೆ ಬೇರೆ. ಬಿಸಿಲು ಏರಿದಂತೆ ಎರಡೂ ಹೋಳುಗಳು ಮಡಚಿ ಬಿಸಿಲಿಗೆ ಅಂಚು ಮಾತ್ರ ತೋರಿಸುತ್ತವೆ. ಮರಕ್ಕೆ ನೀರು ಉಳಿಯುತ್ತದೆ, ಕೆಳಗೆ ನಿಂತವರಿಗೆ ಮಾತ್ರ ಮಧ್ಯಾಹ್ನ ನೆರಳು ಸಿಗುವುದಿಲ್ಲ. ಉಜ್ಜಿದರೆ ಟರ್ಪೆಂಟೈನ್ ವಾಸನೆ. ಎಲೆಯಲ್ಲಿ ಪ್ರೋಟೀನ್ ಚೆನ್ನಾಗಿದೆ, ಆನೆಗೆ ಅಚ್ಚುಮೆಚ್ಚು. ಒಂದು ಬಗೆಯ ದೊಡ್ಡ ಪತಂಗದ ಮರಿಹುಳು ಇದೇ ಎಲೆ ತಿಂದು ಬೆರಳು ಗಾತ್ರ ಬೆಳೆಯುತ್ತದೆ. ಆ ಹುಳುವನ್ನು ಸುತ್ತಲಿನ ಹಳ್ಳಿಯವರು ಒಣಗಿಸಿಟ್ಟುಕೊಂಡು ತಿನ್ನುತ್ತಾರೆ, ಮಾರುತ್ತಾರೆ. ಕ್ಯಾಂಪಿನಲ್ಲಿ ಕೆಳಗಿಳಿದರೆ ಸಾಸಿವೆ ಕಾಳಿನಷ್ಟು ಕಪ್ಪು ಜೇನು ಕಣ್ಣಿನ ಸುತ್ತ ಮುತ್ತಿಕೊಳ್ಳುತ್ತದೆ. ನಮ್ಮ ಮುಜಂಟಿ ಜೇನಿನ ಬಳಗ, ಕುಟುಕುವುದಿಲ್ಲ. ಅದಕ್ಕೆ ಬೇಕಾಗಿರುವುದು ಕಣ್ಣಿನ ತೇವ. ಅಷ್ಟು ಒಣ ಊರು ಅದು.

ಮೊಪಾನೆ ಶುರುವಾದ ಮೇಲೆ ಜಿರಾಫೆ ತುಂಬಾ ಕಡಿಮೆ. ಬದಲಿಗೆ ದೊಡ್ಡ ಆನೆಗಳು, ಕಾಡೆಮ್ಮೆಯ ದೊಡ್ಡ ಹಿಂಡುಗಳು, ಜೊತೆಗೆ ಅಪರೂಪದ ಜಿಂಕೆ ಜಾತಿಗಳು. ಇವುಗಳಲ್ಲಿ ರೋನ್ ಎಂಬ ಪ್ರಾಣಿಯ ಕತೆ ಹೇಳಲೇಬೇಕು. ಇವತ್ತು ನಾನು ಮಾತಾಡಲು ಬಂದಿದ್ದೇ ಇದಕ್ಕಾಗಿ ಅಂದರೂ ಸರಿ.

ರೋನ್ ಅಂದರೆ ಕುದುರೆ ಗಾತ್ರದ ಜಿಂಕೆ. ಕಪ್ಪು ಬಿಳುಪು ಮುಖ, ಹಿಂದಕ್ಕೆ ಬಾಗಿದ ಕೊಂಬು, ಉದ್ದ ಕಿವಿ, ಕಿವಿ ತುದಿಯಲ್ಲಿ ಕುಚ್ಚು. ಉದ್ದನೆಯ ಹುಲ್ಲು ಇರುವ, ಬೇರೆ ಪ್ರಾಣಿಗಳು ಜಾಸ್ತಿ ಇಲ್ಲದ ಜಾಗವೇ ಅದಕ್ಕೆ ಬೇಕು. ಹೆತ್ತ ತಾಯಿ ಕರುವನ್ನು ಹುಲ್ಲಿನಲ್ಲಿ ಬಚ್ಚಿಟ್ಟು ದೂರ ಹೋಗಿ ಮೇಯುತ್ತದೆ, ಮತ್ತೆ ಬಂದು ಹಾಲೂಡಿಸುತ್ತದೆ. ಉತ್ತರದ ಬಸಾಲ್ಟ್ ಬಯಲಿನಲ್ಲಿ ಹುಲ್ಲು ಚೆನ್ನಾಗಿತ್ತು, ಆದರೆ ನೀರು ಇರಲಿಲ್ಲ. ಅದೇ ರೋನ್‌ಗೆ ವರವಾಗಿತ್ತು. ದಿನಾ ನೀರು ಕುಡಿಯಲೇಬೇಕಾದ ಝೀಬ್ರಾ, ವೈಲ್ಡ್‌ಬೀಸ್ಟ್ ಅಲ್ಲಿ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ.

ಆಮೇಲೆ ಮನುಷ್ಯ ನೀರು ಕೊಟ್ಟ. 1930ರ ದಶಕದಿಂದ ಕ್ರೂಗರ್‌ನಲ್ಲಿ ಬೋರ್‌ವೆಲ್ ಕೊರೆಯುವ ಕೆಲಸ ಶುರುವಾಯಿತು. ಒಳ್ಳೆ ಉದ್ದೇಶವೇ. ಬರಗಾಲದಲ್ಲಿ ಪ್ರಾಣಿ ಸಾಯುವುದನ್ನು ಯಾರು ತಾನೆ ನೋಡಿಕೊಂಡು ಕೂರುತ್ತಾರೆ? ದಶಕಗಳು ಕಳೆಯುವಷ್ಟರಲ್ಲಿ 300ಕ್ಕೂ ಹೆಚ್ಚು ಬೋರ್‌ವೆಲ್, ಹತ್ತಾರು ಕಟ್ಟೆಗಳು ಆದವು. ಗಾಳಿಯಂತ್ರ, ಸಿಮೆಂಟ್ ತೊಟ್ಟಿ, ಪ್ರವಾಸಿಗರಿಗೂ ಖುಷಿ. ನೀರು ಬಂದ ಮೇಲೆ ಝೀಬ್ರಾಗಳು ಉತ್ತರದ ಬಯಲಿಗೆ ಬಂದು ವರ್ಷವಿಡೀ ನೆಲೆ ನಿಂತವು. ಅವು ಮೇದು ಉದ್ದನೆಯ ಹುಲ್ಲು ಗಿಡ್ಡವಾಯಿತು. ರೋನ್ ಕರುವಿಗೆ ಅಡಗಲು ಮರೆ ಹೋಯಿತು. ಝೀಬ್ರಾ ಹಿಂದೆಯೇ ಸಿಂಹ ಬಂತು. ಅದಕ್ಕೆ ಝೀಬ್ರಾವೇ ಮುಖ್ಯ ಊಟ, ಆದರೆ ದಾರಿಯಲ್ಲಿ ಸಿಕ್ಕ ರೋನನ್ನು ಬಿಡುವುದಿಲ್ಲ. ಮೇಲಿಂದ ಬರಗಾಲದ ವರ್ಷಗಳು. 1986ರಲ್ಲಿ ಸುಮಾರು 450 ಇದ್ದ ರೋನ್‌ಗಳು 1993ರ ಹೊತ್ತಿಗೆ ಸುಮಾರು 45ಕ್ಕೆ ಇಳಿದವು. ಏಳು ವರ್ಷದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೋಯಿತು.

ಗುಂಡು ಹಾರಿಸಿದವರಿಲ್ಲ, ಕಾಡು ಕಡಿದವರಿಲ್ಲ. ನೀರು ಕೊಟ್ಟರು, ಅಷ್ಟೇ. ಕಾರಣ ಗೊತ್ತಾದ ಮೇಲೆ 1994ರಿಂದ ಆ ಬಯಲಿನ ನೀರಿನ ತೊಟ್ಟಿಗಳನ್ನು ಮುಚ್ಚಿದರು, ಮುಂದೆ ಇಡೀ ಉದ್ಯಾನದಲ್ಲಿ ಬಹುಪಾಲು ಬೋರ್‌ವೆಲ್‌ಗಳನ್ನು ಹಂತ ಹಂತವಾಗಿ ನಿಲ್ಲಿಸಿದರು. ಝೀಬ್ರಾಗಳು ಕಡಿಮೆಯಾದವು. ರೋನ್ ಮಾತ್ರ ಮೊದಲಿನ ಸಂಖ್ಯೆಗೆ ಬರಲಿಲ್ಲ. ಅಷ್ಟು ಕೆಳಗೆ ಇಳಿದ ಮೇಲೆ ಒಂದೆರಡು ಸಿಂಹದ ಗುಂಪು ಸಾಕು, ಇದ್ದದ್ದನ್ನೂ ಮುಗಿಸಲು.

ಇಲ್ಲಿ ಒಬ್ಬರು ಕೈ ಎತ್ತಿ ಕೇಳಿದರು, ಬಂಡೀಪುರದಲ್ಲೂ ಸೋಲಾರ್ ಪಂಪ್ ಹಾಕಿ ಕೆರೆ ತುಂಬಿಸುತ್ತಾರಲ್ಲ, ಹಾಗಾದರೆ ಅದೂ ತಪ್ಪಾ ಅಂತ. ಅಷ್ಟು ಸುಲಭವಾಗಿ ಹೇಳಲಾಗದು. ನಮ್ಮ ಕಾಡು ಚಿಕ್ಕದು, ಅಂಚಿಗೇ ಹೊಲ. ಒಳಗೆ ನೀರಿಲ್ಲದಿದ್ದರೆ ಆನೆ ಊರಿಗೆ ಬರುತ್ತದೆ, ಆಗ ಸಾಯುವುದು ಆನೆಯೋ ರೈತನೋ. ಕ್ರೂಗರ್‌ನ ಪಾಠವನ್ನು ಹಾಗೇ ತಂದು ಇಲ್ಲಿ ಅಂಟಿಸಬಾರದು. ಆದರೆ ಒಂದು ಮಾತು ನಾನು ಗಟ್ಟಿಯಾಗಿ ಹೇಳುತ್ತೇನೆ. ಪಂಪ್ ಹಾಕಿದ ಮೇಲೆ ಯಾವ ಪ್ರಾಣಿ ಹೆಚ್ಚಾಯಿತು, ಯಾವುದು ಕಡಿಮೆಯಾಯಿತು, ಸುತ್ತ ಗಿಡ ಏನಾಯಿತು ಅಂತ ವರ್ಷಗಟ್ಟಲೆ ಲೆಕ್ಕ ಇಡಬೇಕು. ಕ್ರೂಗರ್‌ನಲ್ಲಿ ಲೆಕ್ಕ ಇಟ್ಟಿದ್ದರಿಂದಲೇ ರೋನ್ ಯಾಕೆ ಹೋಯಿತು ಅಂತ ಗೊತ್ತಾಯಿತು. ಬೆಂಕಿಯ ವಿಷಯದಲ್ಲೂ ಅವರು ಹಾಗೇ. ಒಂದೇ ಜಾಗವನ್ನು ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ, ಮೂರು ವರ್ಷಕ್ಕೊಮ್ಮೆ ಸುಟ್ಟರೆ, ಪೂರ್ತಿ ಸುಡದೇ ಬಿಟ್ಟರೆ ಏನಾಗುತ್ತದೆ ಅಂತ 1954ರಿಂದ ತಾಕು ತಾಕು ಮಾಡಿ ನೋಡುತ್ತಲೇ ಇದ್ದಾರೆ. ಅಂಥ ತಾಳ್ಮೆ ಕಂಡರೆ ನನಗೆ ತುಂಬಾ ಗೌರವ.

ನೀರಿನ ನಂತರ ಬೇಲಿ. 1960ರ ದಶಕದಲ್ಲಿ ಪಶ್ಚಿಮದ ಗಡಿಗೆ ಬೇಲಿ ಬಂತು. ಕಾಡೆಮ್ಮೆಯಿಂದ ಹೊರಗಿನ ದನಕ್ಕೆ ಕಾಲುಬಾಯಿ ಜ್ವರ ಹರಡಬಾರದು ಅಂತ. ಒಣಗಾಲದಲ್ಲಿ ಪಶ್ಚಿಮದ ಬೆಟ್ಟಗಳ ಬುಡದ ಹುಲ್ಲು ಹುಡುಕಿ ಹೋಗುತ್ತಿದ್ದ ವೈಲ್ಡ್‌ಬೀಸ್ಟ್ ಹಿಂಡುಗಳಿಗೆ ದಾರಿ ಮುಚ್ಚಿತು, ಆ ಗುಂಪು ಕುಸಿದೇ ಹೋಯಿತು. ಮುಂದೆ 1990ರ ದಶಕದಲ್ಲಿ ಪಶ್ಚಿಮದ ಖಾಸಗಿ ಕಾಡುಗಳ ಜೊತೆಗಿನ ಬೇಲಿ ಕೆಲವು ಕಡೆ ತೆಗೆದರು. 2002ರಲ್ಲಿ ದಕ್ಷಿಣ ಆಫ್ರಿಕಾ, ಮೊಜಾಂಬಿಕ್, ಜಿಂಬಾಬ್ವೆ ಮೂರೂ ಸೇರಿ ಗ್ರೇಟ್ ಲಿಂಪೊಪೊ ಎಂಬ ಗಡಿ ದಾಟಿದ ಉದ್ಯಾನಕ್ಕೆ ಒಪ್ಪಂದ ಮಾಡಿಕೊಂಡವು.

ಇನ್ನು ಆನೆ. 1900ರ ಆಸುಪಾಸಿನಲ್ಲಿ ಇಲ್ಲಿ ಆನೆ ಇಲ್ಲವೆನ್ನುವಷ್ಟು ಕಡಿಮೆ. ದಂತಕ್ಕಾಗಿ ಬೇಟೆಗಾರರು ಬಳಿದುಕೊಂಡು ಹೋಗಿದ್ದರು. 1898ರಲ್ಲಿ ಆಗಿನ ಟ್ರಾನ್ಸ್‌ವಾಲ್ ಅಧ್ಯಕ್ಷ ಪಾಲ್ ಕ್ರೂಗರ್ ಸರ್ಕಾರ ಸಾಬಿ ಎಂಬ ಮೀಸಲು ಕಾಡು ಘೋಷಿಸಿತು. 1902ರಲ್ಲಿ ಜೇಮ್ಸ್ ಸ್ಟೀವನ್ಸನ್-ಹ್ಯಾಮಿಲ್ಟನ್ ವಾರ್ಡನ್ ಆಗಿ ಬಂದವರು 1946ರವರೆಗೂ ಇದ್ದರು. ನಡುವೆ 1926ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅವರು ಬೇಟೆ ನಿಲ್ಲಿಸಿದರು, ಒಳಗಿದ್ದ ಹಳ್ಳಿಗಳನ್ನೂ ಎಬ್ಬಿಸಿದರು. ಎರಡನ್ನೂ ಒಟ್ಟಿಗೇ ನೆನಪಿಟ್ಟುಕೊಳ್ಳಬೇಕು. ಆನೆಗಳು ಮೊಜಾಂಬಿಕ್ ಕಡೆಯಿಂದ ಮೆಲ್ಲಗೆ ವಾಪಸ್ ಬಂದವು, ಬೆಳೆದವು. 1967ರ ಹೊತ್ತಿಗೆ ಜಾಸ್ತಿಯಾದವು ಅಂತ ಅಧಿಕಾರಿಗಳಿಗೆ ಅನ್ನಿಸಿತು. 7,000ದ ಆಸುಪಾಸಿನಲ್ಲಿ ಇರಬೇಕು ಅಂತ ನಿರ್ಧರಿಸಿ 1994ರವರೆಗೆ ಪ್ರತಿ ವರ್ಷ ಹೆಲಿಕಾಪ್ಟರ್‌ನಿಂದ ಕೊಂದರು. ಆನೆಯ ಸಂಸಾರಕ್ಕೆ ಸಂಸಾರವನ್ನೇ. ಒಟ್ಟು 14,000ಕ್ಕೂ ಹೆಚ್ಚು.

ಆ ಕೊಲೆಗಳಲ್ಲಿ ಉಳಿಸಿದ ಮರಿಗಳನ್ನು ಬೇರೆ ಕಾಡುಗಳಿಗೆ ಕಳಿಸಿದರು. ಪಿಲಾನೆಸ್‌ಬರ್ಗ್ ಎಂಬ ಉದ್ಯಾನಕ್ಕೂ ಹೋದವು. ಹಿರಿಯರಿಲ್ಲದೆ ಬೆಳೆದ ಆ ಗಂಡು ಮರಿಗಳಿಗೆ ಚಿಕ್ಕ ವಯಸ್ಸಿಗೇ ಮದ ಬಂತು, ಬಂದದ್ದು ಬೇಗ ಇಳಿಯಲಿಲ್ಲ. 1990ರ ದಶಕದಲ್ಲಿ ಅವು 40ಕ್ಕೂ ಹೆಚ್ಚು ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಕ್ರೂಗರ್‌ನಿಂದಲೇ ಆರು ದೊಡ್ಡ ಗಂಡಾನೆಗಳನ್ನು ಅಲ್ಲಿಗೆ ಒಯ್ದು ಬಿಟ್ಟರು. ಹಿರಿಯರು ಬಂದ ಮೇಲೆ ಹುಡುಗರ ಮದ ಇಳಿಯಿತು, ಕೊಲೆ ನಿಂತಿತು. ಆನೆಯನ್ನು ಬರೀ ಸಂಖ್ಯೆಯಾಗಿ ಎಣಿಸುವವರಿಗೆ ನಾನು ಯಾವಾಗಲೂ ಈ ಕತೆ ಹೇಳುತ್ತೇನೆ.

ಈಗ ಕ್ರೂಗರ್‌ನಲ್ಲಿ 20,000ಕ್ಕೂ ಹೆಚ್ಚು ಆನೆಗಳಿವೆ. ದೊಡ್ಡ ಮರೂಲಾ ಮರಗಳು ಕಡಿಮೆಯಾಗುತ್ತಿವೆ, ಆನೆ ತೊಗಟೆ ಸುಲಿಯುತ್ತದೆ, ಮರ ಬೀಳಿಸುತ್ತದೆ. ಆ ಮರಗಳ ಮೇಲೆ ಗೂಡು ಕಟ್ಟುವ ರಣಹದ್ದು, ಗಿಡುಗಗಳ ಬಗ್ಗೆ ಚಿಂತೆ ಇದೆ. ಇದು ನಿಜವಾದ ಸಮಸ್ಯೆ. ಆದರೂ ಕೊಲ್ಲುವುದಕ್ಕಿಂತ ನೀರಿನ ತೊಟ್ಟಿ ಮುಚ್ಚುವುದು ಒಳ್ಳೆ ದಾರಿ ಅಂತ ನನಗೆ ಅನ್ನಿಸುತ್ತದೆ. ನೀರು ನದಿಯಲ್ಲಿ ಮಾತ್ರ ಇದ್ದರೆ ಒಣಗಾಲದಲ್ಲಿ ಆನೆ ನದಿಯ ಹತ್ತಿರ ಇರುತ್ತದೆ, ದೂರದ ಮರಗಳಿಗೆ ಉಸಿರಾಡಲು ಸಮಯ ಸಿಗುತ್ತದೆ. ದಂತದ ಆನೆಗಳ ಮೇಲೆ ಆಸಕ್ತಿ ಇರುವವರು ಲೆಟಾಬಾ ಕ್ಯಾಂಪಿನ ಆನೆ ಮ್ಯೂಸಿಯಂ ತಪ್ಪಿಸಬೇಡಿ. ಶಾವು ಎಂಬ ಆನೆಯ 3 ಮೀಟರ್ ಮೀರಿದ ದಂತ ಅಲ್ಲಿದೆ.

ಘೇಂಡಾಮೃಗದ ಬಗ್ಗೆ ಹೇಳುವಾಗ ಮನಸ್ಸು ಭಾರವಾಗುತ್ತದೆ. ಬಿಳಿ ಘೇಂಡಾಮೃಗ 1890ರ ದಶಕದಲ್ಲೇ ಇಲ್ಲಿ ಪೂರ್ತಿ ನಾಶವಾಗಿತ್ತು. 1961ರಿಂದ ದಕ್ಷಿಣದ ಇಂಫೊಲೊಜಿ ಕಾಡಿನಿಂದ ತಂದು ಬಿಟ್ಟರು. ಅಗಲ ಬಾಯಿಯ ಪ್ರಾಣಿ, ಹುಲ್ಲನ್ನು ನೆಲಮಟ್ಟಕ್ಕೆ ಮೇಯುತ್ತದೆ. ಅದು ಮೇದ ಕಡೆ ಗಿಡ್ಡ ಹುಲ್ಲಿನ ಹಾಸು ಹುಟ್ಟುತ್ತದೆ, ಆ ಹಾಸಿಗೆ ಇಂಪಾಲಾ, ವೈಲ್ಡ್‌ಬೀಸ್ಟ್ ಬರುತ್ತವೆ, ಅಲ್ಲಿ ಬೆಂಕಿಯೂ ಹಬ್ಬುವುದಿಲ್ಲ. ಅಂದರೆ ಅದೊಂದು ಪ್ರಾಣಿ ಮಾತ್ರವಲ್ಲ, ಬಯಲನ್ನು ಮಾಡುವ ಕೆಲಸಗಾರ. 2010ರ ಹೊತ್ತಿಗೆ ಸುಮಾರು 10,000 ಆಗಿದ್ದವು. ಜಗತ್ತಿನಲ್ಲಿ ಬೇರೆಲ್ಲೂ ಅಷ್ಟು ಇರಲಿಲ್ಲ. ಆಮೇಲೆ ಕೊಂಬಿನ ಕಳ್ಳಬೇಟೆ. 2014 ಒಂದೇ ವರ್ಷದಲ್ಲಿ ಕ್ರೂಗರ್‌ನಲ್ಲಿ 827 ಘೇಂಡಾಮೃಗಗಳನ್ನು ಕೊಂದರು. 2020ರ ಎಣಿಕೆಯಲ್ಲಿ ಬಿಳಿ ಘೇಂಡಾಮೃಗ ಉಳಿದದ್ದು ಸುಮಾರು 2,600. ಈಗ ಉಳಿದವುಗಳ ಕೊಂಬನ್ನು ಅಧಿಕಾರಿಗಳೇ ಕತ್ತರಿಸುತ್ತಾರೆ, ಕೊಲ್ಲುವವನಿಗೆ ಲಾಭ ಇಲ್ಲದಿರಲಿ ಅಂತ. ಮೊಂಡು ಮೂತಿಯ ಘೇಂಡಾಮೃಗ ಕಂಡರೆ ಗಾಬರಿಯಾಗಬೇಡಿ. ಫೋಟೋ ಹಾಕುವಾಗ ಜಾಗದ ಹೆಸರು ಮಾತ್ರ ದಯವಿಟ್ಟು ಹಾಕಬೇಡಿ.

ನದಿಗಳ ಬಗ್ಗೆ ಒಂದು ಮಾತು. ಕ್ರೂಗರ್‌ನ ದೊಡ್ಡ ನದಿಗಳೆಲ್ಲ ಹೊರಗೆ ಪಶ್ಚಿಮದಲ್ಲಿ ಹುಟ್ಟಿ, ಗಣಿ, ಪೇಟೆ, ತೋಟ ದಾಟಿ ಒಳಗೆ ಬರುತ್ತವೆ. ಬೇಲಿ ಎಷ್ಟೇ ಗಟ್ಟಿ ಇರಲಿ, ನೀರಿಗೆ ಬೇಲಿ ಇಲ್ಲ. 2008ರ ಚಳಿಗಾಲದಲ್ಲಿ ಓಲಿಫಾಂಟ್ಸ್ ಕಣಿವೆಯಲ್ಲಿ 150ಕ್ಕೂ ಹೆಚ್ಚು ಮೊಸಳೆಗಳು ಸತ್ತು ಬಿದ್ದವು. ಮೈಯೊಳಗಿನ ಕೊಬ್ಬು ಗಟ್ಟಿಯಾಗಿ ಉರಿಯೂತ ಬಂದು, ಅಲುಗಾಡಲೂ ಆಗದ ರೋಗ. ಮೇಲ್ಭಾಗದ ಮಾಲಿನ್ಯ, ಕೆಳಗಿನ ಅಣೆಕಟ್ಟೆಯ ಹಿನ್ನೀರು, ಮೊಸಳೆ ತಿಂದ ಮೀನು, ಎಲ್ಲದರ ಮೇಲೂ ಅನುಮಾನ ಬಂತು.

ಉತ್ತರದ ತುದಿ ಪಾಫುರಿ. ಯಾರೂ ಹೋಗುವುದಿಲ್ಲ, ನೀವು ಹೋಗಿ. ಲುವುವು ನದಿ ಲಿಂಪೊಪೊಗೆ ಸೇರುವ ಜಾಗ, ಅಲ್ಲೇ ಮೂರು ದೇಶಗಳ ಗಡಿಯೂ ಸೇರುತ್ತದೆ. ಹಳದಿ ತೊಗಟೆಯ ಫೀವರ್ ಮರಗಳ ತೋಪು, ದೊಡ್ಡ ಅತ್ತಿ ಜಾತಿಯ ಮರಗಳು, ಬಾವೊಬಾಬ್. ಸವಣೂರಿನ ದೊಡ್ಡಹುಣಸೆ ಮಠದ ಮರಗಳನ್ನು ನೋಡಿದವರಿಗೆ ಬಾವೊಬಾಬ್ ಪರಿಚಯವೇ, ಎರಡೂ ಒಂದೇ ಜಾತಿ. ಇಲ್ಲಿ ಅದರ ಬುಡದಲ್ಲಿ ಆನೆ ಕೆರೆದ ಗಾಯಗಳು ಕಾಣುತ್ತವೆ. ಆಂಥ್ರಾಕ್ಸ್ ರೋಗವೂ ಈ ಭಾಗದ್ದೇ. ಸತ್ತ ಪ್ರಾಣಿಯ ಮೇಲೆ ಕೂತ ನೊಣ ಪಕ್ಕದ ಪೊದೆಯ ಎಲೆಗೆ ಹೋಗಿ ಕೂರುತ್ತದೆ, ಎಲೆಯ ಮೇಲೆ ರೋಗಾಣು ಬಿಡುತ್ತದೆ. ಆ ಎತ್ತರದ ಎಲೆ ತಿನ್ನುವ ಕುಡು ಎಂಬ ಸುರುಳಿ ಕೊಂಬಿನ ಜಿಂಕೆ ಪಾಪ ಮೊದಲು ಸಾಯುತ್ತದೆ.

ಪಾಫುರಿಯ ಭೂಮಿ ಮಕುಲೆಕೆ ಜನರದ್ದು. 1969ರಲ್ಲಿ ಅವರನ್ನು ಬಲವಂತವಾಗಿ ಹೊರಗೆ ಹಾಕಿ ಆ ನೆಲವನ್ನು ಉದ್ಯಾನಕ್ಕೆ ಸೇರಿಸಿದರು. ವರ್ಣಭೇದ ಆಡಳಿತ ಮುಗಿದ ಮೇಲೆ ಅವರು ಹಕ್ಕು ಕೇಳಿದರು, 1998ರಲ್ಲಿ ಭೂಮಿ ವಾಪಸ್ ಸಿಕ್ಕಿತು. ಅವರು ಅಲ್ಲಿ ಹೊಲ ಮಾಡಲಿಲ್ಲ. ಕಾಡಾಗಿಯೇ ಉಳಿಸಿ, ಪ್ರವಾಸಿ ವಸತಿಗಳಿಂದ ಬರುವ ಆದಾಯ ಪಡೆಯುವ ಒಪ್ಪಂದ ಮಾಡಿಕೊಂಡರು. ಹತ್ತಿರದಲ್ಲೇ ಥುಲಮೆಲಾ ಎಂಬ ಗುಡ್ಡದ ಮೇಲೆ ಕಲ್ಲುಗೋಡೆಯ ಹಳೆ ಊರಿನ ಅವಶೇಷ ಇದೆ, ಚಿನ್ನದ ಒಡವೆ ಸಮೇತ ಹೂತ ಸಮಾಧಿಗಳು ಸಿಕ್ಕಿವೆ. ಮನುಷ್ಯರೇ ಇಲ್ಲದ ಕಾಡು ಅಂತ ಕ್ರೂಗರನ್ನು ಮಾರುವವರು ಈ ಗುಡ್ಡದ ಹೆಸರು ಹೇಳುವುದು ಕಡಿಮೆ.

ಕೊನೆಗೆ ಪ್ರವಾಸದ ವಿಷಯ, ತುಂಬಾ ಜನ ಕೇಳಿದ್ದೀರಿ. ಮಳೆ ಅಕ್ಟೋಬರ್‌ನಿಂದ ಮಾರ್ಚ್. ಪ್ರಾಣಿ ನೋಡಲು ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯದು, ಹುಲ್ಲು ಒಣಗಿರುತ್ತದೆ, ನೀರಿನ ಹತ್ತಿರ ಪ್ರಾಣಿ ಸೇರುತ್ತವೆ. ಹಕ್ಕಿ ಬೇಕು, ಇಂಪಾಲಾ ಮರಿಗಳು ಬೇಕು ಅಂದರೆ ಡಿಸೆಂಬರ್. ನಿಮ್ಮದೇ ಬಾಡಿಗೆ ಕಾರಿನಲ್ಲಿ ಓಡಾಡಬಹುದು. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ಮಿತಿ, ಮಣ್ಣು ರಸ್ತೆಯಲ್ಲಿ 40, ಆದರೆ 25ರಲ್ಲಿ ಹೋದರೆ ಮಾತ್ರ ಏನಾದರೂ ಕಾಣುತ್ತದೆ. ಅನುಮತಿ ಇರುವ ಜಾಗ ಬಿಟ್ಟು ಕಾರಿನಿಂದ ಇಳಿಯುವಂತಿಲ್ಲ. ಸಂಜೆ ಗೇಟು ಮುಚ್ಚುವ ಮುಂಚೆ ಕ್ಯಾಂಪ್ ಸೇರಲೇಬೇಕು, ತಡವಾದರೆ ದಂಡ. ಎಲ್ಲ ದಿನವನ್ನೂ ದಕ್ಷಿಣದಲ್ಲೇ ಕಳೆಯಬೇಡಿ. ಸ್ಕುಕುಜಾದ ಗ್ರಾನೈಟ್ ದಿಬ್ಬ, ಸತಾರಾದ ಬಯಲು, ಲೆಟಾಬಾ ಆಚೆಯ ಮೊಪಾನೆ, ಪುಂಡಾ ಮರಿಯಾ ಕ್ಯಾಂಪಿನಲ್ಲಿ ಉಳಿದುಕೊಂಡು ಪಾಫುರಿ, ಈ ಕ್ರಮದಲ್ಲಿ ಕೆಳಗಿನಿಂದ ಮೇಲೆ ಹೋಗಿ. ನೆಲದ ಬಣ್ಣ ಎಲ್ಲಿ ಬದಲಾಯಿತು ಅಂತ ಮಕ್ಕಳ ಕೈಲಿ ನಕ್ಷೆಯ ಮೇಲೆ ಗುರುತು ಹಾಕಿಸಿ. ಅಲ್ಲಿ ಮಲೇರಿಯಾ ಇದೆ, ಡಾಕ್ಟರ್ ಹತ್ತಿರ ಕೇಳಿ ಮಾತ್ರೆ ತೆಗೆದುಕೊಂಡೇ ಹೊರಡಿ.